ಹಂಚಿನ ಕಾರ್ಖಾನೆಯಲ್ಲಿ ದೇವರ ಕೆಲಸ: ಬಾಸೆಲ್ ಮಿಶನ್ ಉದ್ಯಮಗಳು ಮತ್ತು ದುಡಿಮೆಯ ಕ್ರೈಸ್ತ ಅರ್ಥ

ಮೂರ್ತೆ, ಅಂದರೆ ಕಳ್ಳು ಇಳಿಸುವ ಕಸುಬು, ಬಿಟ್ಟ ಬಿಲ್ಲವ ಉಣ್ಣುವುದು ಹೇಗೆ? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕರಾವಳಿಯಲ್ಲಿ ನಡೆಸಿದ ಉದ್ಯಮಗಳ ಚರಿತ್ರೆ ಶುರುವಾಗುವುದು ಈ ಪ್ರಶ್ನೆಯಿಂದ. 1834ರಲ್ಲಿ ಮಿಶನರಿ ಸ್ಯಾಮುವೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಇಲ್ಲಿಗೆ ಬಂದಾಗ ಅವರಲ್ಲಿ ಕಾರ್ಖಾನೆಯ ಯೋಜನೆಯೇನೂ ಇರಲಿಲ್ಲ. ಆದರೆ ದೀಕ್ಷಾಸ್ನಾನ ಪಡೆದವನು ಕಳ್ಳು ಇಳಿಸಬಾರದೆಂದು ಮಿಶನ್ ಪಟ್ಟು ಹಿಡಿಯಿತು. ಅತ್ತ ಕುಟುಂಬವೂ ಜಾತಿಯೂ ಅವನನ್ನು ಹೊರಗಿಟ್ಟವು; ಒಕ್ಕಲುತನ ಕೈತಪ್ಪುವ ಭಯವಿತ್ತು. ಮತಾಂತರದಿಂದ ಆಸ್ತಿಹಕ್ಕು ಹೋಗುವುದಿಲ್ಲವೆಂದು 1850ರ ಕಾನೂನು ಹೇಳಿತಾದರೂ, ಅಳಿಯಸಂತಾನದ ಕೂಡುಮನೆಯಿಂದ ಹೊರಬಿದ್ದವನಿಗೆ ನ್ಯಾಯಾಲಯದ ದಾರಿ ಬಹಳ ದೂರದ್ದು. ಮಂಗಳೂರಿನ ಬಲ್ಮಠದ ಬೇಸಾಯದ ಪ್ರಯೋಗ ಫಲಿಸಲಿಲ್ಲ. ಮರಗೆಲಸ, ಗಡಿಯಾರದ ಕೆಲಸಗಳೂ ಹೆಚ್ಚು ಜನರನ್ನು ಪೊರೆಯಲಾರದೆ ಹೋದವು. 1841ರ ಮುದ್ರಣಾಲಯ, ನೇಯ್ಗೆಯ ಕುಶಲಿ ಜಾನ್ ಹಾಲರ್ 1851ರಲ್ಲಿ ಬಂದ ಮೇಲೆ ಚಿಗುರಿದ ಮಗ್ಗಗಳು, ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ, ಇವಿಷ್ಟು ಗಟ್ಟಿಯಾಗಿ ನಿಂತವು. ದುಡಿಮೆಯ ದೇವತಾಶಾಸ್ತ್ರವನ್ನು ಮೊದಲು ಬರೆದಿಟ್ಟುಕೊಂಡು ಅದರಂತೆ ಕಾರ್ಖಾನೆ ಕಟ್ಟಿದವರು ಇವರಲ್ಲ ಎಂಬ ಈ ಕಾಲಕ್ರಮವೇ ನನ್ನ ವಾದಕ್ಕೆ ಬುನಾದಿ.

ಕ್ರೈಸ್ತ ದುಡಿಮೆಯ ಚರ್ಚೆ ಸಾಮಾನ್ಯವಾಗಿ ದುಡಿಯುವವನ ಅಂತರಂಗದ ಸುತ್ತಲೇ ಸುಳಿಯುತ್ತದೆ. 1904–05ರಲ್ಲಿ ಪ್ರಕಟವಾದ ಮ್ಯಾಕ್ಸ್ ವೆಬರನ ಪ್ರಖ್ಯಾತ ಪ್ರಬಂಧದ ಪ್ರಭಾವ ಇದಕ್ಕೆ ಬಹುಮಟ್ಟಿಗೆ ಕಾರಣ: ತಾನು ರಕ್ಷಣೆಗೆ ಆಯ್ಕೆಯಾದವನೋ ಅಲ್ಲವೋ ಎಂಬ ತಳಮಳ ಮನುಷ್ಯನನ್ನು ಶಿಸ್ತಿನ ದುಡಿಮೆಗೆ ನೂಕಿತು ಎಂಬುದು ಅಲ್ಲಿಯ ಒಂದು ಮುಖ್ಯ ಎಳೆ. ಕಾಲ್ವಿನನ ಅನುಯಾಯಿಗಳಿಗೆ ಇದು ಒಪ್ಪಬಹುದು. ಆದರೆ ಬಾಸೆಲ್ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥದ ಲೂಥರನ್ ಹಿನ್ನೆಲೆಯವರು, ಹಲವರು ರೈತರ ಮತ್ತು ಕುಶಲಕರ್ಮಿಗಳ ಮನೆಯಿಂದ ಬಂದವರು. ಅವರ ಹಿಂದಿರುವ ಲೂಥರನ ಚಿಂತನೆಯ ಒಲವು ಬೇರೆ. ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ 1520ರ ಕಿರುಗ್ರಂಥದಲ್ಲಿ ಆತ ವಾದಿಸುವುದು ಇದನ್ನು: ನಂಬಿಕೆಯಿಂದಲೇ ದೇವರಿಗೆ ಒಪ್ಪಿತನಾದವನಿಗೆ ತನ್ನ ರಕ್ಷಣೆಗಾಗಿ ಮಾಡಬೇಕಾದ ಕಾರ್ಯ ಯಾವುದೂ ಉಳಿದಿಲ್ಲ, ಆದ್ದರಿಂದ ಅವನ ದುಡಿಮೆಯೆಲ್ಲ ನೆರೆಯವನಿಗೆ ಮೀಸಲು. ಇದನ್ನು ಒಪ್ಪಿದರೆ ಕೆಲಸದ ಅರ್ಥವನ್ನು ಹುಡುಕಬೇಕಾದ ಜಾಗವೂ ಬದಲಾಗುತ್ತದೆ. ಕಾರ್ಖಾನೆಯ ಬೆಳಗಿನ ಪ್ರಾರ್ಥನೆಯನ್ನು ಹಲವು ಚರಿತ್ರಕಾರರು ಉಲ್ಲೇಖಿಸುತ್ತಾರೆ. ನನ್ನ ಮಟ್ಟಿಗೆ ಅದು ದುರ್ಬಲ ಸಾಕ್ಷ್ಯ. ಆ ಕೆಲಸ ಯಾರ ಹೊಟ್ಟೆ ತುಂಬಿಸಿತು, ಯಾರ ತಲೆಯ ಮೇಲೆ ಸೂರಾಯಿತು, ಕಾಯಿಲೆ ಬಿದ್ದವನನ್ನು ಯಾರು ನೋಡಿಕೊಂಡರು ಎಂಬುದನ್ನು ತಿಳಿಯಲು ಲೆಕ್ಕದ ಪುಸ್ತಕ ಹೆಚ್ಚು ನೆರವಾಗುತ್ತದೆ.

ಇಲ್ಲೊಂದು ಧರ್ಮಶಾಸ್ತ್ರೀಯ ಆಕ್ಷೇಪ ಏಳುತ್ತದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಮನೆಗೆಲಸದಲ್ಲಿ ಮುಳುಗಿದ ಮಾರ್ಥಳಿಗಿಂತ ಯೇಸುವಿನ ಪಾದದ ಬಳಿ ಕುಳಿತು ಕೇಳಿದ ಮರಿಯಳಿಗೆ ಮೆಚ್ಚುಗೆ ಸಿಗುತ್ತದಲ್ಲ? ನಿಜ. ಆದರೆ ಮಾರ್ಥಳಿಗೆ ಸಿಕ್ಕ ಮಾತು ಅವಳ ಚಡಪಡಿಕೆಗೆ, ಸೇವೆಗಲ್ಲ. ಇದೇ ಸುವಾರ್ತೆಯಲ್ಲಿ ಈ ಪ್ರಸಂಗಕ್ಕೆ ತೀರ ಹಿಂದೆಯೇ ಒಳ್ಳೆಯ ಸಮಾರ್ಯದವನ ಕಥೆ ಬರುತ್ತದೆ ಎಂಬುದನ್ನು ಮರೆಯಬಾರದು. ಅಲ್ಲಿ ಗಾಯಗೊಂಡವನಿಗೆ ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ, ವಸತಿಗೃಹದವನ ಕೈಗೆ ದುಡ್ಡು ಕೊಡುವ ಕೆಲಸಗಳೇ ನೆರೆತನದ ವ್ಯಾಖ್ಯಾನ. ಪೌಲನೂ ಗುಡಾರ ಹೊಲಿದು ಬದುಕಿದವನು. ಇತರರಿಗೆ ಭಾರವಾಗಬಾರದೆಂಬುದು ಆತ ಪತ್ರಗಳಲ್ಲಿ ಕೊಡುವ ಕಾರಣ.

ಇದಕ್ಕಿಂತ ತೂಕದ ಆಕ್ಷೇಪ ಸಮಾಜಚರಿತ್ರೆಯ ಕಡೆಯಿಂದ ಬರುತ್ತದೆ. ಗಂಟೆ ಹೊಡೆದಾಗ ಬರುವ, ಹೇಳಿದಷ್ಟು ಮಾಡುವ, ಕುಡಿಯದ ಕೂಲಿಕಾರರನ್ನು ತಯಾರಿಸಲು ಧರ್ಮ ಒಂದು ಸಾಧನವಾಯಿತು, ಅಷ್ಟೆ ಎನ್ನುವವರಿದ್ದಾರೆ. 1859ರಲ್ಲಿ ಬಾಸೆಲಿನಲ್ಲಿ ಷೇರುದಾರರ ವ್ಯಾಪಾರಿ ಕಂಪೆನಿಯೇ ಹುಟ್ಟಿಕೊಂಡಿತು. ಹಂಚಿನ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತ ಹೆಂಗಸರ ಕೂಲಿ ಗಂಡಸರದಕ್ಕಿಂತ ಕಡಿಮೆಯಿತ್ತು. ದೀಕ್ಷಾಸ್ನಾನ ಕೊಡುವವರೂ ಕೂಲಿ ಕೊಡುವವರೂ ಒಂದೇ ಸಂಸ್ಥೆಗೆ ಸೇರಿದವರಾದಾಗ ನಂಬಿಕೆಯ ಪ್ರಾಮಾಣಿಕತೆಯನ್ನು ಅಳೆಯುವುದೂ ಕಷ್ಟ. ಇವುಗಳಲ್ಲಿ ಒಂದನ್ನೂ ತಳ್ಳಿಹಾಕಲಾಗದು, ತಳ್ಳಿಹಾಕುವ ಭಕ್ತಿಪೂರ್ವಕ ಚರಿತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಈ ಟೀಕೆ ಯಾವ ಅಳತೆಗೋಲನ್ನು ಬಳಸುತ್ತಿದೆ ನೋಡಿ: ಕೆಲಸ ನೆರೆಯವನಿಗೆ ಏನು ಮಾಡಿತು ಎಂಬುದನ್ನೇ. ಹೆಂಗಸರ ಕೂಲಿ ಅನ್ಯಾಯವೆನ್ನಲು ಲೂಥರನ ತರ್ಕ ತಾನಾಗಿಯೇ ಆಧಾರ ಒದಗಿಸುತ್ತದೆ. ಶಿಸ್ತೇ ಪುಣ್ಯವೆಂಬ ತರ್ಕಕ್ಕೆ ಅದು ಸಾಧ್ಯವಿಲ್ಲ. ಹಾಗಾಗಿ ಆಕ್ಷೇಪ ಮಿಶನ್ನಿನ ಆಚರಣೆಯನ್ನು ತಾಗುತ್ತದೆ, ನಾನು ಮುಂದಿಡುತ್ತಿರುವ ಅರ್ಥವನ್ನು ತಾಗುವುದಿಲ್ಲ.

ಕನ್ನಡ ಓದುಗನಿಗೆ ಇಷ್ಟರಲ್ಲಿ ಶರಣರ ಕಾಯಕ ನೆನಪಾಗಿರುತ್ತದೆ. ಕಾಯಕದ ಜೊತೆಗೆ ದಾಸೋಹವಿರುವುದರಿಂದ ಹೋಲಿಕೆ ಸಹಜವೇ. ವ್ಯತ್ಯಾಸ ಮಾತ್ರ ಗಮನಾರ್ಹ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರ ಹೆಸರುಗಳಲ್ಲೇ ಕಾಣುವಂತೆ ಹನ್ನೆರಡನೆಯ ಶತಮಾನದ ಚಳವಳಿ ಕೈಯಲ್ಲಿದ್ದ ಕಸುಬಿಗೇ ಗೌರವ ತಂದಿತು. ಕರಾವಳಿಯ ಹೊಸ ಕ್ರೈಸ್ತನಿಗೆ ಕಸುಬೇ ತಪ್ಪಿಹೋಗಿತ್ತು. ಅಜ್ಜ ಕಾಣದ ಅಚ್ಚುಯಂತ್ರದ ಮುಂದೆ, ಬೇರೆ ಜಾತಿಯಿಂದ ಬಂದವನ ಪಕ್ಕದಲ್ಲಿ ಅವನು ಹೊಸದಾಗಿ ಕೆಲಸ ಕಲಿಯಬೇಕಾಯಿತು. ಜಾತಿಯೊಂದಿಗೆ ಅಂಟಿಬಂದ ಅರ್ಥ ಆ ಕೆಲಸಕ್ಕೆ ಇರಲಿಲ್ಲ. ಅದರ ಅರ್ಥ ಅದರ ಉಪಯೋಗದಿಂದಲೇ ಬರಬೇಕಿತ್ತು, ಮತ್ತು ಉಪಯೋಗ ಕಣ್ಣಿಗೆ ಕಾಣುವಂತಿತ್ತು: ವರ್ಷವರ್ಷ ಹುಲ್ಲೋ ಮಡಲೋ ಹೊದಿಸಬೇಕಾದ, ಬೆಂಕಿಗೆ ಹೆದರಬೇಕಾದ ಮಾಡುಗಳ ಜಾಗದಲ್ಲಿ ದಶಕಗಟ್ಟಲೆ ಬಾಳುವ ಹಂಚು. ಅದು ಮೊದಮೊದಲು ಸರ್ಕಾರಿ ಕಟ್ಟಡಗಳಿಗೂ ಉಳ್ಳವರ ಮನೆಗಳಿಗೂ ಹೋಯಿತೆಂಬುದು ಸರಿ. ಆದರೆ ಬೇಗನೆ ಊರವರೇ ಕಾರ್ಖಾನೆಗಳನ್ನು ತೆರೆದರು, ಹಂಚು ಸಾಮಾನ್ಯರ ಮಾಡಿಗೂ ಏರಿತು.

ಈ ವಾದವನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ಸಂದರ್ಭ ಒದಗಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಶತ್ರುದೇಶದವರೆನಿಸಿ ಹಡಗೇರಿ ಹೊರಟುಹೋದರು. ಕಾರ್ಖಾನೆಗಳು ಬ್ರಿಟಿಷರ ಹತೋಟಿಗೆ ಬಂದು, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದುಡಿಮೆಯ ಕ್ರೈಸ್ತ ಅರ್ಥ ಯಜಮಾನನ ಭಕ್ತಿಯಲ್ಲಿದ್ದರೆ ಅದು ಆ ಹಡಗಿನಲ್ಲೇ ಹೋಯಿತೆನ್ನಬೇಕು. ಕಾರ್ಮಿಕನ ಮತದಲ್ಲಿತ್ತೆಂದರೆ, ಯುದ್ಧಕ್ಕೆ ಎಷ್ಟೋ ಮೊದಲಿನಿಂದ ಅಲ್ಲಿ ದುಡಿಯುತ್ತಿದ್ದ ಕ್ರೈಸ್ತರಲ್ಲದ ಅನೇಕರ ಕೆಲಸವನ್ನು ಏನೆಂದು ಕರೆಯುವುದು? ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯತೀರ್ಪಿನ ದೃಶ್ಯದಲ್ಲಿ ಹಸಿದವನಿಗೆ ಉಣಿಸಿದವರಿಗೆ ತಾವು ಕ್ರಿಸ್ತನನ್ನು ಸೇವಿಸಿದ್ದೇ ಗೊತ್ತಿರುವುದಿಲ್ಲ. ಆ ದೃಶ್ಯವನ್ನು ಅಳತೆಯಾಗಿ ಹಿಡಿದರೆ, ಆವೆಗೆ ಸೌದೆ ತುಂಬಿದ ಬಿಲ್ಲವನ ಕೆಲಸವೂ ಪಕ್ಕದ ಕ್ರೈಸ್ತನ ಕೆಲಸದಷ್ಟೇ ಈ ಚರ್ಚೆಯೊಳಗೆ ಬರುತ್ತದೆ. ಅವನು ಅದಕ್ಕೆ ಯಾವ ಹೆಸರು ಕೊಟ್ಟುಕೊಂಡನೋ ಅದು ಬೇರೆ ಸಂಶೋಧನೆಯ ವಿಷಯ.