ಊರೂರು ತಿರುಗಿದ ಸ್ಕೆಚ್‌ಬುಕ್‌ಗಳು

ಸ್ಕೆಚ್‌ಬುಕ್ಕನ್ನು ಪ್ರದರ್ಶನಕ್ಕೆ ಇಡುವುದು ಎಂದೂ ಸುಲಭದ ಕೆಲಸವಾಗಿರಲಿಲ್ಲ. ದೊಡ್ಡ ಚಿತ್ರವಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರಾಯಿತು, ಹತ್ತಾರು ಜನ ಒಟ್ಟಿಗೆ ನಿಂತು ನೋಡಬಹುದು. ಪುಸ್ತಕ ಹಾಗಲ್ಲ. ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟರೆ ಎರಡೇ ಪುಟ ಕಾಣುತ್ತವೆ. ಬಿಚ್ಚಿ ಹಾಳೆಹಾಳೆಯಾಗಿ ಗೋಡೆಗೆ ಹಾಕಿದರೆ ಅದು ಪುಸ್ತಕವಾಗಿ ಉಳಿಯುವುದಿಲ್ಲ. ಬಂದವರ ಕೈಗೇ ಕೊಟ್ಟರೆ ಅಂಚು ಸವೆಯುತ್ತದೆ, ಬೆವರಿನ ಕಲೆ ಬೀಳುತ್ತದೆ, ಕಳುವಿನ ಭಯ ಬೇರೆ. ಆದರೂ ಈ ಮೂರು ದಾರಿಗಳನ್ನೂ ಹಿಡಿದವರಿದ್ದಾರೆ.

ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1851ರ ಡಿಸೆಂಬರಿನಲ್ಲಿ ತೀರಿಕೊಂಡ. ಅವನ ಉಯಿಲಿನ ಮೇಲೆ ಎದ್ದ ವ್ಯಾಜ್ಯ 1856ರಲ್ಲಿ ಇತ್ಯರ್ಥವಾಗಿ ಅವನ ಬಳಿ ಉಳಿದಿದ್ದ ಚಿತ್ರಗಳೆಲ್ಲ ದೇಶದ ಪಾಲಾದವು. ಆ ರಾಶಿಯಲ್ಲಿ ತೈಲಚಿತ್ರಗಳ ಜೊತೆಗೆ ಸುಮಾರು 300 ಸ್ಕೆಚ್‌ಬುಕ್‌ಗಳೂ ಇದ್ದವು. ಅವುಗಳಲ್ಲಿ ಎಷ್ಟೋ ಕೋಟಿನ ಜೇಬಿಗೆ ಹಿಡಿಸುವಷ್ಟು ಚಿಕ್ಕವು. ವೆನಿಸಿನ ಕಾಲುವೆ, ಆಲ್ಪ್ಸ್ ಬೆಟ್ಟಗಳು, ಬಂದರಿನ ಹಡಗುಗಳು, ನಡುವೆ ಪ್ರಯಾಣದ ಖರ್ಚಿನ ಲೆಕ್ಕ, ತಾನೇ ಬರೆದ ಪದ್ಯದ ಸಾಲು, ಎಲ್ಲವೂ ಒಂದೇ ಪೆನ್ಸಿಲಿನಲ್ಲಿ. ಬೇರೆಯವರು ಪುಟ ತಿರುಗಿಸಿ ನೋಡಲಿ ಎಂದು ಬರೆದ ಪುಸ್ತಕಗಳಲ್ಲ ಇವು.

ಕಲಾವಿಮರ್ಶಕ ಜಾನ್ ರಸ್ಕಿನ್ 1857ರಲ್ಲಿ ಇವನ್ನು ವಿಂಗಡಿಸಲು ಕೂತಾಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ನೆಲಮಾಳಿಗೆಯಲ್ಲಿ ತಗಡಿನ ಪೆಟ್ಟಿಗೆಗಳಲ್ಲಿ ಕಾಗದಗಳು ತುಂಬಿಕೊಂಡಿದ್ದವು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಕೆಲವನ್ನು ಇಲಿ ಕಡಿದಿತ್ತು. ಚಳಿಗಾಲ ಪೂರ್ತಿ ಕೂತು ಅವನು ಅವನ್ನೆಲ್ಲ ಒಪ್ಪ ಮಾಡಿದ. ಆದರೆ ಒಳ್ಳೆಯದೆನಿಸಿದ ಹಾಳೆಗಳನ್ನು ಪುಸ್ತಕದಿಂದ ಬಿಡಿಸಿ ಚೌಕಟ್ಟಿಗೆ ಹಾಕಿಸಿದ. ಜನ ನೋಡಲು ಸಿಕ್ಕಿತು, ನಿಜ. ಯಾವ ಹಾಳೆಯ ಹಿಂದೆ ಯಾವುದಿತ್ತು ಎನ್ನುವುದು ಮಾತ್ರ ಕಲಸಿಹೋಯಿತು. ಅರ್ಧ ಶತಮಾನ ಕಳೆದ ಮೇಲೆ ಎ.ಜೆ. ಫಿನ್‌ಬರ್ಗ್ ಎಂಬ ವಿದ್ವಾಂಸ ಒಂದೊಂದು ಹಾಳೆಯನ್ನೂ ಅದರ ಮೂಲ ಪುಸ್ತಕಕ್ಕೆ ಹೊಂದಿಸುತ್ತ ಪಟ್ಟಿ ಮಾಡಿ, 1909ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಬೇಕಾಯಿತು. ರಸ್ಕಿನ್ನನ ಶ್ರದ್ಧೆ ದೊಡ್ಡದು, ಆ ಒಂದು ಕೆಲಸದಿಂದಾದ ನಷ್ಟವೂ ದೊಡ್ಡದೇ.

ಟರ್ನರನ ಈ ಸಂಗ್ರಹದಿಂದ ಆಯ್ದ ಚಿತ್ರಗಳನ್ನು 1869ರಿಂದ ಬ್ರಿಟನ್ನಿನ ಬೇರೆ ಊರುಗಳಿಗೂ ಎರವಲಾಗಿ ಕಳಿಸತೊಡಗಿದರು. ಆ ತಿರುಗಾಟ 1931ರವರೆಗೂ ನಡೆಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಷ್ಯಾದಲ್ಲಿ ಚಿತ್ರಕಾರರು ತಾವೇ ಸಂಘ ಕಟ್ಟಿಕೊಂಡು ತಮ್ಮ ಚಿತ್ರಗಳನ್ನು ಊರೂರಿಗೆ ಒಯ್ಯಲು ಹೊರಟರು. ಕ್ರಾಮ್‌ಸ್ಕೋಯ್ ಮುಂದಾಳಾಗಿದ್ದ ಆ ‘ಸಂಚಾರಿ’ಗಳ ಮೊದಲ ಪ್ರದರ್ಶನ 1871ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಶುರುವಾಗಿ ಮಾಸ್ಕೋ, ಕೀವ್, ಖಾರ್ಕಿವ್‌ಗಳಿಗೆ ಹೋಯಿತು. ರಾಜಧಾನಿಯ ಹೊರಗಿನವರಿಗೂ ಚಿತ್ರ ಕಾಣಬೇಕು, ಬರೆದವರಿಗೆ ನಾಲ್ಕು ಕಾಸು ಹುಟ್ಟಬೇಕು. ಸಂಘದ ನಿಯಮಾವಳಿಯಲ್ಲೇ ಈ ಎರಡೂ ಉದ್ದೇಶಗಳಿದ್ದವು. 1923ರವರೆಗೆ ಇಂಥ 48 ಪ್ರದರ್ಶನಗಳಾದವು. ಹೊರಗಿನವರು ಚಿತ್ರ ಕಳಿಸಬಹುದಿತ್ತು, ಆದರೆ ಸದಸ್ಯರು ಅಳೆದು ತೂಗಿ ಒಪ್ಪಿದ್ದು ಮಾತ್ರ ಗೋಡೆ ಏರುತ್ತಿತ್ತು.

ಆಯ್ಕೆಯೆಂಬ ಆ ಬಾಗಿಲನ್ನೇ ಕಿತ್ತುಹಾಕಿದವರು ಇಪ್ಪತ್ತನೇ ಶತಮಾನದ ಅಂಚೆ ಕಲಾವಿದರು. ನ್ಯೂಯಾರ್ಕಿನ ರೇ ಜಾನ್ಸನ್ ಕೊಲಾಜು, ಚಿತ್ರ, ಪತ್ರಗಳನ್ನು ಲಕೋಟೆಗೆ ಹಾಕಿ ಪರಿಚಿತರಿಗೂ ಅಪರಿಚಿತರಿಗೂ ಕಳಿಸುತ್ತಿದ್ದ. ಇದಕ್ಕೆ ಏನಾದರೂ ಸೇರಿಸಿ ಇಂಥವರಿಗೆ ಕಳಿಸಿ ಎಂದು ಕೇಳಿಕೊಳ್ಳುತ್ತಿದ್ದ. 1970ರಲ್ಲಿ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಹೀಗೆ ಅಂಚೆಯಲ್ಲಿ ಬಂದ ಕೃತಿಗಳದ್ದೇ ಪ್ರದರ್ಶನವಾಯಿತು. ಅಂಚೆ ಕಲೆಯ ಬಳಗದಲ್ಲಿ ಮೂರು ಮಾತು ರೂಢಿಯಾದವು: ಆಯ್ಕೆ ಇಲ್ಲ, ಶುಲ್ಕ ಇಲ್ಲ, ಕಳಿಸಿದ್ದು ವಾಪಸ್ಸಿಲ್ಲ.

ವಾಪಸ್ಸು ಬಾರದಿರುವುದು ಎಂದರೇನೆಂದು 2000ದ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಒಂದು ಪ್ರಯೋಗ ತೋರಿಸಿಕೊಟ್ಟಿತು. ಬ್ರಯಾನ್ ಸಿಂಗರ್ ಎಂಬ ವಿನ್ಯಾಸಕಾರ ಒಂದು ಸಾವಿರ ಖಾಲಿ ಪುಸ್ತಕಗಳನ್ನು ಲೋಕಕ್ಕೆ ಬಿಟ್ಟ. ಸಿಕ್ಕವರು ಬರೆದು, ಚಿತ್ರಿಸಿ, ಮುಂದಿನವರಿಗೆ ದಾಟಿಸಬೇಕು. ಅವು ಕೈಯಿಂದ ಕೈಗೆ ಹೋದವು. ತಿರುಗಿ ಬಂದವು ಬೆರಳೆಣಿಕೆಯಷ್ಟು.

ಜನ ತುಂಬಿಸಿದ ಪುಸ್ತಕಗಳನ್ನು ವಾಪಸ್ಸು ತರಿಸಿ ಒಂದೆಡೆ ಸೇರಿಸುವ ಸ್ಕೆಚ್‌ಬುಕ್ ಪ್ರಾಜೆಕ್ಟ್ ಎಂಬ ಯೋಜನೆ ಹುಟ್ಟಿದ್ದು 2006ರಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ. ಸ್ಟೀವನ್ ಪೀಟರ್‌ಮನ್ ಮತ್ತು ಶೇನ್ ಜುಕರ್ ಎಂಬ ಇಬ್ಬರು ಯುವಕರು ಅದನ್ನು ಶುರುಮಾಡಿ, 2009ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ತಂದರು. ಇಪ್ಪತ್ತೈದು ಮೂವತ್ತು ಡಾಲರ್ ಕಟ್ಟಿದ ಯಾರಿಗೇ ಆಗಲಿ ಒಂದು ಖಾಲಿ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು. ಐದು ಅಂಗುಲ ಅಗಲ, ಏಳು ಅಂಗುಲ ಉದ್ದ, ತೆಳು ರಟ್ಟು, 32 ಪುಟ, ಬೆನ್ನಿಗೆ ಪಿನ್ನು. ಕೊಟ್ಟ ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡು, ಪುಸ್ತಕ ತುಂಬಿಸಿ, ಗಡುವಿನೊಳಗೆ ವಾಪಸ್ಸು ಕಳಿಸಬೇಕಿತ್ತು. ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಬಂದ ಪುಸ್ತಕಕ್ಕೆ ಬಾರ್‌ಕೋಡ್ ಅಂಟಿಸಿ ಕಪಾಟಿಗೆ ಸೇರಿಸುತ್ತಿದ್ದರು. ಕಲಾಶಾಲೆಯ ವಿದ್ಯಾರ್ಥಿ, ನಿವೃತ್ತ ಶಿಕ್ಷಕಿ, ಪೆನ್ಸಿಲ್ ಹಿಡಿದು ವರ್ಷಗಳೇ ಆದವರು, ಎಲ್ಲರಿಗೂ ಅದೇ ಕಪಾಟು.

ಆ ಕಾಗದ ತೆಳುವಾದದ್ದು. ಮಾರ್ಕರಿನಲ್ಲಿ ಗೆರೆ ಎಳೆದರೆ ಹಿಂದಿನ ಪುಟಕ್ಕೆ ಇಳಿಯುತ್ತಿತ್ತು, ನೀರು ಸೋಕಿದರೆ ಸುಕ್ಕುಗಟ್ಟುತ್ತಿತ್ತು. ಹಟ ಹಿಡಿದವರು ಪಿನ್ನು ಕಿತ್ತು, ಒಳಹಾಳೆಗಳನ್ನು ತೆಗೆದು, ಜಲವರ್ಣದ ದಪ್ಪ ಕಾಗದವನ್ನು ಅದೇ ಅಳತೆಗೆ ಕತ್ತರಿಸಿ, ಮೂಲ ರಟ್ಟಿನೊಳಗೆ ಸೂಜಿದಾರದಿಂದ ಹೊಲಿಯುತ್ತಿದ್ದರು. ಅದಕ್ಕೆ ಅಡ್ಡಿಯಿರಲಿಲ್ಲ. ಮುಚ್ಚಿದಾಗ ಅಳತೆ ಬದಲಾಗಬಾರದು, ಅಷ್ಟೇ. ಇನ್ನು ಕೆಲವರು ಪುಟದ ನಡುವೆ ಕಿಟಕಿ ಕೊರೆದು ಮುಂದಿನ ಚಿತ್ರ ಇಣುಕುವಂತೆ ಮಾಡಿದರು, ಬಿಚ್ಚಿದರೆ ಮಾರುದ್ದ ಚಾಚಿಕೊಳ್ಳುವ ಮಡಿಕೆಗಳನ್ನು ಅಂಟಿಸಿದರು. ಇವರೆಲ್ಲ ಪುಟ ತಿರುಗಿಸುವ ಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಮಾಡಿದವರು. ಟರ್ನರನ ಜೇಬಿನ ಪುಸ್ತಕಕ್ಕೂ ಇವಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಇದು. ಗುಟ್ಟಿನ ಟಿಪ್ಪಣಿಯಾಗಿದ್ದ ಸ್ಕೆಚ್‌ಬುಕ್ ಇಲ್ಲಿ ಓದುಗನಿಗಾಗಿ ಕಟ್ಟಿದ ಕೃತಿಯಾಯಿತು. ಇದರಿಂದ ಅದರ ಪ್ರಾಮಾಣಿಕತೆ ಕಡಿಮೆಯಾಯಿತು ಎನ್ನುವವರಿದ್ದಾರೆ. ಹಾಗೇನೂ ಅನಿಸುವುದಿಲ್ಲ. ಅಪರಿಚಿತರಿಗೆಂದು ಕೂತು ಬರೆದ ಪುಟದಲ್ಲಿ ಇನ್ನೊಂದು ಬಗೆಯ ಧೈರ್ಯವಿರುತ್ತದೆ.

ನೋಡುವ ವ್ಯವಸ್ಥೆಯನ್ನು ಯೋಜನೆ ನಡೆಸುತ್ತಿದ್ದವರು ಗ್ರಂಥಾಲಯದಿಂದ ತಂದರು. ಆ ಯೋಜನೆಯಲ್ಲಿ ನಿಜಕ್ಕೂ ಹೊಸದು ಇದೇ. ಪುಸ್ತಕಗಳನ್ನು ಇಟ್ಟಿದ್ದ ಬ್ರೂಕ್ಲಿನ್ ಆರ್ಟ್ ಲೈಬ್ರರಿಗೆ ಬಂದವರು ಹೆಸರು ನೋಂದಾಯಿಸಿ ಕಾರ್ಡು ಪಡೆಯಬೇಕಿತ್ತು, ವಿಷಯವನ್ನೋ ಕಲಾವಿದರ ಊರನ್ನೋ ಹೇಳಿ ಪುಸ್ತಕ ಕೇಳಬೇಕಿತ್ತು. ಒಮ್ಮೆಗೆ ಎರಡು ಪುಸ್ತಕ ಕೈಗೆ ಬರುತ್ತಿದ್ದವು. ಗಾಜಿಲ್ಲ, ಹಗ್ಗದ ಬೇಲಿಯಿಲ್ಲ. ಬಾರ್‌ಕೋಡ್ ಓದಿಸಿದ ಕೂಡಲೇ ಎಲ್ಲೋ ಇರುವ ಕಲಾವಿದರಿಗೆ ‘ನಿಮ್ಮ ಪುಸ್ತಕವನ್ನು ಒಬ್ಬರು ನೋಡುತ್ತಿದ್ದಾರೆ’ ಎಂಬ ಸಂದೇಶ ಹೋಗುತ್ತಿತ್ತು. ಗೋಡೆಗೆ ಹಾಕಿದ ಚಿತ್ರದ ಮುಂದೆ ಯಾರು ನಿಂತರೆಂದು ಬರೆದವರಿಗೆ ತಿಳಿಯುವುದೇ ಇಲ್ಲವಲ್ಲ!

ಪುಸ್ತಕಗಳು ಬ್ರೂಕ್ಲಿನ್‌ನಲ್ಲೇ ಕೂತಿರಲಿಲ್ಲ. ವರ್ಷವರ್ಷವೂ ಪ್ರವಾಸ ಹೊರಟು ಅಟ್ಲಾಂಟಾ, ಚಿಕಾಗೋ, ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೋ ಕಂಡವು. ಮುಂದೆ ಕಪಾಟು ಜೋಡಿಸಿದ ಒಂದು ಗಾಡಿಯನ್ನೇ ಸಿದ್ಧಮಾಡಿ ರಸ್ತೆಗಿಳಿಸಿದರು. ಉದ್ಯಾನದ ಪಕ್ಕದಲ್ಲಿ, ಮ್ಯೂಸಿಯಮ್ಮಿನ ಅಂಗಳದಲ್ಲಿ ಗಾಡಿ ನಿಂತರೆ ಜನ ಅದರ ಕಿಟಕಿಯ ಮುಂದೆ ಸಾಲುಗಟ್ಟುತ್ತಿದ್ದರು. ನೂರಕ್ಕೂ ಹೆಚ್ಚು ದೇಶಗಳಿಂದ ಹತ್ತಾರು ಸಾವಿರ ಪುಸ್ತಕಗಳು ಸೇರಿದವು.

ಶುಲ್ಕದ ಬಗ್ಗೆ ಆಕ್ಷೇಪ ಮೊದಲಿನಿಂದಲೂ ಇತ್ತು. ಕೃತಿಯನ್ನೂ ಕೊಟ್ಟು ಹಣವನ್ನೂ ಕೊಡಬೇಕೇ ಎಂದು ವೃತ್ತಿ ಕಲಾವಿದರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಬಾಡಿಗೆ ಕಟ್ಟಡ, ಪಟ್ಟಿ ಮಾಡುವ ಕೆಲಸ, ಗಾಡಿಯ ಇಂಧನ, ಇವೆಲ್ಲಕ್ಕೂ ದುಡ್ಡು ಎಲ್ಲಿಂದಲಾದರೂ ಬರಲೇಬೇಕಿತ್ತು. ಕಟ್ಟಿದ ಹಣಕ್ಕೆ ಬದಲಾಗಿ ಪುಸ್ತಕ ಕ್ಷೇಮವಾಗಿರುತ್ತದೆ ಎಂಬ ನಂಬಿಕೆಯಂತೂ ಎಲ್ಲರಲ್ಲೂ ಇತ್ತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 2022ರಲ್ಲಿ. ಸಂಗ್ರಹವನ್ನು ಬ್ರೂಕ್ಲಿನ್‌ನಿಂದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿಗೆ ಸಾಗಿಸುವಾಗ ಟ್ರೇಲರಿಗೆ ಬೆಂಕಿ ಹತ್ತಿ ಸಾವಿರಾರು ಪುಸ್ತಕಗಳು ಸುಟ್ಟುಹೋದವು. ಮರುವರ್ಷ ಯೋಜನೆಯನ್ನೇ ನಿಲ್ಲಿಸುವುದಾಗಿ ನಡೆಸುತ್ತಿದ್ದವರು ತಿಳಿಸಿದರು. ಬರೆದ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಡುವ ಸೌಲಭ್ಯ ಇತ್ತಾದರೂ ಅದಕ್ಕೆ ಹೆಚ್ಚುವರಿ ಹಣ ಕಟ್ಟಬೇಕಿತ್ತು. ಕಟ್ಟದವರ ಪುಸ್ತಕ ಸುಟ್ಟಿದ್ದರೆ, ಅಂಚೆಗೆ ಹಾಕುವ ಮುನ್ನ ಅವರೇ ತೆಗೆದಿಟ್ಟುಕೊಂಡ ಫೋಟೋಗಳಷ್ಟೇ ಗತಿ. ಇಷ್ಟು ದೂರ ತಿರುಗಾಡುವ ಪುಸ್ತಕಗಳ ವಿಷಯದಲ್ಲಿ ಆ ಖರ್ಚನ್ನು ಮೊದಲ ಶುಲ್ಕದಲ್ಲೇ ಸೇರಿಸಿ ಪ್ರತಿಯೊಂದು ಪುಟದ ನಕಲನ್ನೂ ತೆಗೆದಿಡಬೇಕಿತ್ತು.