ಕೋವಿಯ ಒದೆತ, ಭುಜದ ಅಳತೆ

ಪೂರ್ಣಚಂದ್ರ ತೇಜಸ್ವಿಯವರ ದೆಸೆಯಿಂದ ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್ ಕನ್ನಡದ ಮನೆಗಳಿಗೆ ನೆಂಟರಂತೆ ಬಂದರು. ಮಧ್ಯಾಹ್ನದ ಕೆಲಸ ಮುಗಿಸಿ ನರಭಕ್ಷಕನ ಕಥೆ ಹಿಡಿದು ಕೂತ ಹೆಂಗಸರು ಒಲೆಯ ಮೇಲೆ ಹಾಲು ಉಕ್ಕಿದ್ದನ್ನೂ ಮರೆತದ್ದುಂಟು. ಗುಂಡು ಹುಲಿಗೆ ತಗಲಿತೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಓದುತ್ತೇವೆ. ಅದೇ ಗಳಿಗೆಯಲ್ಲಿ ಕೋವಿಯ ಇನ್ನೊಂದು ತುದಿಯಲ್ಲಿ ಏನಾಯಿತೆಂದು ಕೇಳುವವರು ಕಡಿಮೆ. ಗುಂಡು ಮುಂದಕ್ಕೆ ಹಾರಿದಾಗಲೆಲ್ಲ ಕೋವಿ ಹಿಂದಕ್ಕೆ ಬಂದು ಭುಜವನ್ನು ಒದೆಯುತ್ತದೆ. ಈ ಒದೆತಕ್ಕೂ ಒಂದು ಚರಿತ್ರೆ ಇದೆ. ಅದು ಹೆಂಗಸರಾದ ನಮಗೂ ಗೊತ್ತಿರಬೇಕಾದ ಚರಿತ್ರೆ ಎಂದು ನನ್ನ ಭಾವನೆ.

ಲೆಕ್ಕ ಸರಳವಾದದ್ದು. ಗುಂಡಿನ ತೂಕ, ವೇಗ ಹೆಚ್ಚಿದಷ್ಟೂ ಒದೆತ ಹೆಚ್ಚು. ಕೋವಿಯ ತೂಕ ಹೆಚ್ಚಿದಷ್ಟೂ ಒದೆತ ಕಡಿಮೆ. ಹಾಗಾದರೆ ಭಾರದ ಕೋವಿಯೇ ಒಳ್ಳೆಯದಲ್ಲವೇ ಎನ್ನಬಹುದು. ಆದರೆ ಗುಡ್ಡ ಹತ್ತಿ ಕಣಿವೆ ಇಳಿದು ದಿನವಿಡೀ ನಡೆಯುವವನ ಹೆಗಲಿಗೆ ಅದು ಹೊರೆ. ಹಗುರವಾದ ಕೋವಿ ನಡೆಯುವಾಗ ಸುಖ, ಹಾರಿಸುವಾಗ ಕಷ್ಟ. ಈ ಎರಡರ ನಡುವೆ ದಾರಿ ಹುಡುಕಿದ್ದೇ ಬೇಟೆಯ ಕೋವಿಗಳ ಕಥೆ.

ನಮ್ಮ ಬೆಂಗಳೂರಿನ ಆಂಡರ್ಸನ್ ಬಳಸುತ್ತಿದ್ದದ್ದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್. ಅದರ ತೋಟಾ ಬಂದದ್ದು 1904ರಲ್ಲಿ. ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಸಿಂಹಗಳ ಬೇಟೆಗೆ ಇದೇ ಮಾದರಿಯನ್ನು ಒಯ್ದಿದ್ದರು. ಗುಂಡಿನ ತೂಕ ಸುಮಾರು ಹತ್ತೊಂಬತ್ತೂವರೆ ಗ್ರಾಂ. ಪ್ರಾಣಿಯನ್ನು ಕೆಡವುವುದರಲ್ಲಿ ಅದಕ್ಕೆ ಎಷ್ಟು ಹೆಸರೋ, ಹಾರಿಸಿದವನನ್ನು ಒದೆಯುವುದರಲ್ಲೂ ಅಷ್ಟೇ ಹೆಸರು.

ಕಾರ್ಬೆಟ್‌ಗೆ ದೊರೆತ ಕೋವಿ ಬೇರೆ ಬಗೆಯದು. ಕುಮಾವೂನಿನ ಚಂಪಾವತದ ಹೆಣ್ಣುಹುಲಿ, ಅವನೇ ಬರೆದ ಲೆಕ್ಕದಂತೆ, 436 ಜನರನ್ನು ಕೊಂದಿತ್ತು. 1907ರಲ್ಲಿ ಅದನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಅವನಿಗೆ ಲಂಡನ್ನಿನ ರಿಗ್ಬಿ ಕಂಪನಿಯ .275 ರೈಫಲ್ಲನ್ನು ಕಾಣಿಕೆಯಾಗಿ ಕೊಟ್ಟರು. ಅದರ ಮರದ ಹಿಡಿಗೆ ಬರಹವಿರುವ ಬೆಳ್ಳಿಯ ತಗಡು ಕೂರಿಸಿದ್ದರು. ಅದರ ತೋಟಾ ಮೂಲತಃ ಜರ್ಮನಿಯ ಮೌಸರ್ ಕಂಪನಿಯದು. 1899ರಿಂದ 1902ರ ತನಕ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ರೈತರು ಇಂಗ್ಲಿಷರ ಮೇಲೆ ಹಾರಿಸಿದ್ದು ಇದೇ ತೋಟಾವನ್ನು. ಶತ್ರುವಿನ ತೋಟಾಕ್ಕೆ ಹೊಸ ಹೆಸರಿಟ್ಟು ಇಂಗ್ಲಿಷರು ತಮ್ಮ ಕೋವಿಗೆ ತುಂಬಿಕೊಂಡರು. ಇದರ ಹಗುರ ಗುಂಡು ಸುಮಾರು ಒಂಬತ್ತು ಗ್ರಾಂ, ಎಂದರೆ ಆಂಡರ್ಸನ್ನನ ಗುಂಡಿನ ಅರ್ಧಕ್ಕೂ ಕಡಿಮೆ. ಆದ್ದರಿಂದ ಕೋವಿ ಹಗುರವಾಗಿದ್ದರೂ ಒದೆತ ಸೌಮ್ಯ.

ಆ ಹಗುರತನದ ಬೆಲೆ ಎಷ್ಟೆಂಬುದು 1930ರಲ್ಲಿ ತಿಳಿಯಿತು. ಚೌಗಢದ ಹೆಣ್ಣುಹುಲಿಯನ್ನು ಅರಸುತ್ತಿದ್ದ ಕಾರ್ಬೆಟ್‌ಗೆ ದಾರಿಯಲ್ಲಿ ಹಕ್ಕಿಯ ಎರಡು ಮೊಟ್ಟೆ ಸಿಕ್ಕವು. ಮೊಟ್ಟೆ ಸಂಗ್ರಹಿಸುವ ಹವ್ಯಾಸ ಅವನದು. ಎಡಗೈಯಲ್ಲಿ ಮೊಟ್ಟೆ ಹಿಡಿದು ಬಂಡೆಯೊಂದನ್ನು ಸುತ್ತಿ ಹಿಂತಿರುಗಿ ನೋಡಿದರೆ ಕೆಲವೇ ಅಡಿಗಳ ದೂರದಲ್ಲಿ ಹುಲಿ ಮುಖ ಮಾಡಿ ಮಲಗಿದೆ! ಅವನು ಬಲಗೈ ಒಂದರಿಂದಲೇ ಕೋವಿಯನ್ನು ಮೆಲ್ಲಮೆಲ್ಲನೆ ತಿರುಗಿಸಿ ಗುಂಡು ಹಾರಿಸಿದ. ಕೈಯಲ್ಲಿ ಭಾರದ ಕೋವಿ ಇದ್ದಿದ್ದರೆ ಒಂದೇ ಕೈಯಲ್ಲಿ ಹಾಗೆ ತಿರುಗಿಸಲು ಸಾಧ್ಯವೇ ಇರಲಿಲ್ಲ ಎಂದು ಅವನೇ ಬರೆದಿದ್ದಾನೆ. ಮೊಟ್ಟೆಗಳು ಒಡೆಯಲಿಲ್ಲ ಎನ್ನುವುದು ನನಗೆ ಆ ಕಥೆಯಲ್ಲಿ ಬಹಳ ಪ್ರಿಯವಾದ ಸಂಗತಿ.

ಆದರೆ ಒದೆತವೆಂದರೆ ತೂಕದ ಲೆಕ್ಕವೊಂದೇ ಅಲ್ಲ. ಕೋವಿಯ ಹಿಂಬದಿಯ ಮರದ ಭಾಗ, ಸ್ಟಾಕ್ ಎನ್ನುತ್ತಾರಲ್ಲ, ಅದರ ಆಕಾರವೇ ಅರ್ಧ ಸಂಗತಿ. ಹಳೆಯ ಕೋವಿಗಳಲ್ಲಿ ಅದು ನಳಿಗೆಯ ಮಟ್ಟದಿಂದ ಬಹಳ ಕೆಳಕ್ಕೆ ಬಾಗಿರುತ್ತಿತ್ತು. ಹಾರಿಸಿದಾಗ ಕೋವಿಯ ಮೂತಿ ಮೇಲಕ್ಕೆ ಎದ್ದು ಮರದ ಅಂಚು ಕೆನ್ನೆಗೆ ಹೊಡೆಯುತ್ತಿತ್ತು. ತುದಿಗೆ ಬಡಿದ ಕಿರಿದಾದ ಉಕ್ಕಿನ ತಟ್ಟೆ ಪೆಟ್ಟನ್ನೆಲ್ಲ ಭುಜದ ಒಂದೇ ಕಡೆಗೆ ಇಳಿಸುತ್ತಿತ್ತು. ಆಂಡರ್ಸನ್ ಬಳಸಿದ ಮಾದರಿಯ ಮೇಲೆ ಹಾರಿಸಿದವರ ದೂರು ಇದೇ. ನಳಿಗೆಯ ಮೇಲೆ ದುರ್ಬೀನು ಕೂರಿಸುವ ಪದ್ಧತಿ ಬಂದ ಮೇಲೆ ಕಣ್ಣನ್ನು ಎತ್ತರದಲ್ಲಿ ಇಡಬೇಕಾಯಿತು, ಮರವೂ ನೇರವಾಯಿತು. ನೇರವಾದ ಮರದಲ್ಲಿ ಒದೆತ ಸೀದಾ ಹಿಂದಕ್ಕೆ ಬರುತ್ತದೆ, ಕೆನ್ನೆ ಉಳಿಯುತ್ತದೆ. ತಟ್ಟೆ ಅಗಲವಾಗಿ, ಅದರ ಮೇಲೆ ರಬ್ಬರಿನ ಮೆತ್ತೆ ಇದ್ದರೆ ಅದೇ ಪೆಟ್ಟು ಹರಡಿಹೋಗುತ್ತದೆ. ತೋಟಾ ಅದೇ, ತೂಕ ಅದೇ. ಆದರೂ ಒಂದು ಕೋವಿ ಗುದ್ದುತ್ತದೆ, ಇನ್ನೊಂದು ತಳ್ಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಉದ್ದ. ಮರ ತೋಳಿಗಿಂತ ಉದ್ದವಾದರೆ ಅದು ಭುಜದ ಗುಳಿಯಲ್ಲಿ ಕೂರದೆ ತೋಳಿನ ಎಲುಬಿಗೆ ಬಂದು ನಿಲ್ಲುತ್ತದೆ. ಇನ್ನೊಬ್ಬರ ಅಳತೆಗೆ ಹೊಲಿದ ರವಿಕೆ ತೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳೂ ಹಿಡಿದ .303 ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಲಾಂಗ್, ನಾರ್ಮಲ್, ಶಾರ್ಟ್, ಬ್ಯಾಂಟಮ್ ಎಂದು ನಾಲ್ಕು ಅಳತೆಯ ಹಿಡಿಗಳಿದ್ದವು. ಕುಳ್ಳಗಿನ ಸಿಪಾಯಿಗೆ ಭುಜ ಬೆಳೆಸಿಕೊಂಡು ಬಾ ಎಂದು ಯಾರೂ ಹೇಳಲಿಲ್ಲ, ಮರವನ್ನೇ ಗಿಡ್ಡ ಮಾಡಿಕೊಟ್ಟರು.

ನಾನು ಬಿ.ಎ. ಓದುತ್ತಿದ್ದಾಗ ಎನ್.ಸಿ.ಸಿ.ಯಲ್ಲಿ ನಮಗೆ .22 ರೈಫಲ್ ಹಾರಿಸಲು ಕಲಿಸಿದರು. ಅದರ ಒದೆತ ಮಗು ತೋಳಿಗೆ ತಟ್ಟಿದಷ್ಟು. ಆದರೆ ಮರ ಗಂಡಾಳಿನ ಅಳತೆಯದು. ಕುತ್ತಿಗೆ ಮುಂದಕ್ಕೆ ಚಾಚಿ, ಮೊಣಕೈ ಎಳೆದು ಹಿಡಿದರೂ ಗುರಿ ಅಲುಗಾಡುತ್ತಿತ್ತು. "ಹೆಣ್ಣುಮಕ್ಕಳ ಭುಜ ಇದಕ್ಕೆ ಆಗೋದಿಲ್ಲ ಬಿಡ್ರಮ್ಮಾ" ಎಂದು ಕಲಿಸುವವರು ನಕ್ಕರು. ನಾವೂ ಒಪ್ಪಿಕೊಂಡು ನಕ್ಕೆವು. ಮರ ಉದ್ದವಾಯಿತು ಎಂದು ನಮ್ಮಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಆ ಮಾತಿಗೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಅಮೆರಿಕದ ಎಲಿನರ್ ಓಕಾನರ್ ಎಂಬ ಗೃಹಿಣಿಯ ವಿಷಯ ಓದಿದಾಗ. ಅವಳ ಗಂಡ ಜಾಕ್ ಓಕಾನರ್ 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ ಕೋವಿಗಳ ವಿಷಯ ಬರೆಯುತ್ತಿದ್ದ ಪ್ರಸಿದ್ಧ ಲೇಖಕ. ಎಲಿನರ್‌ಗೆ ಮೆಚ್ಚಾದದ್ದು ಕಾರ್ಬೆಟ್ ಕೋವಿಯ ಅದೇ ಏಳು ಮಿಲಿಮೀಟರಿನ ಮೌಸರ್ ತೋಟಾ, ತನ್ನ ಮೈಗೆ ಹೊಂದುವ ಹಗುರವಾದ ರೈಫಲ್. ಅದನ್ನು ಹಿಡಿದು ಅವಳು ಗಂಡನ ಜೊತೆ ಕಾಡು ಬೆಟ್ಟ ಸುತ್ತಿದಳು. ದೊಡ್ಡ ತೋಟಾ ತಂದು ಭುಜ ನೋಯಿಸಿಕೊಳ್ಳುವುದಕ್ಕಿಂತ ಸಣ್ಣದನ್ನು ಸರಿಯಾದ ಜಾಗಕ್ಕೆ ಹೊಡೆಯುವುದು ಮೇಲು ಎನ್ನುವುದಕ್ಕೆ ಗಂಡ ತನ್ನ ಬರಹಗಳಲ್ಲಿ ಹೆಂಡತಿಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದ. ಒದೆತಕ್ಕೆ ಹೆದರಿದವರು ಗುಂಡಿ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾರೆ, ಮೈ ಬೆದರುತ್ತದೆ, ಗುರಿ ತಪ್ಪುತ್ತದೆ. ಇದು ಗಂಡಸರಿಗೂ ಅಷ್ಟೇ ನಿಜ.

ಬೇಟೆಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಆ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ಕಾರ್ಬೆಟ್ ಕೂಡ ನಂತರದ ದಿನಗಳಲ್ಲಿ ಹುಲಿಗಳತ್ತ ಕ್ಯಾಮೆರಾ ಹಿಡಿದವನು. ಅವನ ಆ .275 ಈಗ ಅದನ್ನು ತಯಾರಿಸಿದ ರಿಗ್ಬಿ ಕಂಪನಿಯ ಬಳಿಯೇ ಇದೆ.

ಕೋವಿ ಹೋಯಿತು, ಅಳತೆಯ ಪ್ರಶ್ನೆ ಹೋಗಿಲ್ಲ. ಬೆನ್ನು ಬಗ್ಗಿಸುವ ಅಡುಗೆಕಟ್ಟೆ, ಕೈಗೆಟುಕದ ಬಸ್ಸಿನ ಕಂಬಿ, ಕಾಲು ನೆಲ ಮುಟ್ಟದ ಕಚೇರಿಯ ಕುರ್ಚಿ, ಎಲ್ಲ ಕಡೆಯೂ ನಾವೇ ಕುಳ್ಳಗಾದೆವೆಂದು ಅಂದುಕೊಂಡು ಹೊಂದಿಕೊಳ್ಳುತ್ತೇವೆ. ನಮ್ಮ ಶಾಲೆಯಲ್ಲಿ ಹುಡುಗಿಯೊಬ್ಬಳು "ನನ್ನ ಕೈಲಿ ಆಗೋದಿಲ್ಲ ಮಿಸ್" ಎಂದರೆ ನಾನೀಗ ಮೊದಲು ಅವಳ ಭುಜವನ್ನು ನೋಡುವುದಿಲ್ಲ, ಅವಳ ಕೈಗೆ ಕೊಟ್ಟ ವಸ್ತುವನ್ನು ನೋಡುತ್ತೇನೆ.