ಸೃಷ್ಟಿನಿಯಮವೂ ಅಳಿಯಕಟ್ಟೂ

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿರುವ ಶಂಕರಪುರವು ಮಲ್ಲಿಗೆಯ ಕೃಷಿಗೆ ಪ್ರಸಿದ್ಧವಾದ ಊರು. ಗಿಡವು ಯಾರ ಹಿತ್ತಿಲಲ್ಲಿದ್ದರೂ ಒಂದೇ ನಿಯಮದಿಂದ ಹೂಬಿಡುವುದು. ಆದರೆ ಆ ಹಿತ್ತಿಲು ಒಡೆಯನ ತರುವಾಯ ಯಾರಿಗೆ ಸೇರತಕ್ಕುದೆಂಬ ವಿಷಯದಲ್ಲಿ ಆ ಸೀಮೆಯವರಿಗೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಮೂರು ಬೇರೆ ಬೇರೆ ಕ್ರಮಗಳಿದ್ದುವು. ಬ್ರಾಹ್ಮಣರಲ್ಲಿ ತಂದೆಯಿಂದ ಮಗನಿಗೆ ಸಲ್ಲುವ ಮಕ್ಕಳಸಂತಾನ. ಕ್ರೈಸ್ತರಲ್ಲಿ 1925ರ ಭಾರತೀಯ ಉತ್ತರಾಧಿಕಾರ ಶಾಸನದಂತೆ ಗಂಡುಹೆಣ್ಣು ಮಕ್ಕಳಿಗೆ ಸಮಭಾಗ. ಬಂಟರು, ಬಿಲ್ಲವರು ಮೊದಲಾದವರಲ್ಲಿ ತಾಯಿಯ ಪೀಳಿಗೆಯನ್ನನುಸರಿಸುವ ಅಳಿಯಸಂತಾನ. ನಿಸರ್ಗವೇ ದಾಯಭಾಗವನ್ನು ವಿಧಿಸಿದ್ದರೆ ಒಂದೇ ಊರಿನಲ್ಲಿ ಈ ಮೂರಕ್ಕೂ ಅವಕಾಶವೆಲ್ಲಿಯದು?

ಅಳಿಯಸಂತಾನದ ಐತಿಹ್ಯವೇ ಇದಕ್ಕೆ ಸಾಕ್ಷಿ. ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿದಾಗ ದೇವಪಾಂಡ್ಯನ ಹೆಂಡತಿಯು ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿಯು ತನ್ನ ಮಗನನ್ನೊಪ್ಪಿಸಿದಳು. ಬದುಕುಳಿದ ಆ ಅಳಿಯನೇ ಭೂತಾಳಪಾಂಡ್ಯನಾಗಿ ಕಟ್ಟನ್ನು ಬದಲಿಸಿದನೆಂದು ಕಥೆ. ಅವನ ಹೆಸರಿನ ಕಟ್ಟುಕಟ್ಟಳೆಯ ಪ್ರಾಚೀನತೆಯನ್ನು ವಿದ್ವಾಂಸರು ಸಂಶಯಿಸಿದ್ದಾರೆ. ಆದರೂ ತುಳುವರು ತಮ್ಮ ಪದ್ಧತಿಯನ್ನು ಸೃಷ್ಟಿಸಿದ್ಧವೆನ್ನದೆ ಒಬ್ಬ ಅರಸನು ಮಾಡಿದುದೆಂದು ನೆನೆದುದು ಗಮನಾರ್ಹವಾಗಿದೆ. ಕಟ್ಟಳೆ ಎಂಬ ಮಾತಿನ ಮೂಲವೂ ಕಟ್ಟು ಎಂಬ ಧಾತುವೇ, ಕಟ್ಟಿದುದನ್ನು ಬಿಚ್ಚಲೂಬಹುದು.

ಆಂಗ್ಲರ ನ್ಯಾಯಾಸನಗಳಿಗೆ ಈ ಪದ್ಧತಿಯು ವಿಚಿತ್ರವಾಗಿ ತೋರಿತು. ಅಳಿಯಸಂತಾನದವರ ದಾಂಪತ್ಯವು ದಂಡಸಂಹಿತೆಯ ಅರ್ಥದಲ್ಲಿ ವಿವಾಹವಲ್ಲವೆಂದು ಮದರಾಸು ಹೈಕೋರ್ಟು 1883ರಲ್ಲಿ ನಿರ್ಣಯಿಸಿತು. ಕೂಡಿ ಬಾಳಿ ಮಕ್ಕಳನ್ನು ಸಾಕುತ್ತಿದ್ದ ಗಂಡಹೆಂಡಿರ ಸಂಬಂಧಕ್ಕೆ ಹೀಗೆ ಶಾಸನದ ಮನ್ನಣೆಯಿಲ್ಲದೆ ಹೋಯಿತು. 1949ರ ಮದರಾಸು ಅಳಿಯಸಂತಾನ ಶಾಸನವು ಆ ವಿವಾಹವನ್ನು ಅಂಗೀಕರಿಸಿ, ಕವರುಗಳಿಗೆ ಪಾಲು ಕೇಳುವ ಹಕ್ಕನ್ನಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ಮೃತನ ಪಾಲನ್ನು ಅವನ ಹೆಂಡತಿಮಕ್ಕಳ ಕಡೆಗೆ ತಿರುಗಿಸಿತು.

ಇದರಿಂದ ಪ್ರಕೃತಿಗೆ ವಿರುದ್ಧವಾದುದು ಅಳಿದು ಸಹಜವಾದುದು ನೆಲೆಗೊಂಡಿತೆಂದು ಹೇಳುವವರುಂಟು. ಈ ಮಾತು ವಿಚಾರಕ್ಕೆ ನಿಲ್ಲದು. ಅಳಿಯಸಂತಾನದ ಕುಟುಂಬದಲ್ಲಿ ಹೆಣ್ಣುಮಗುವು ಹುಟ್ಟಿದೊಡನೆಯೇ ಆಸ್ತಿಗೆ ಬಾಧ್ಯಳಾಗುತ್ತಿದ್ದಳು; ವಂಶವು ಅವಳಿಂದಲೇ ಬೆಳೆಯುತ್ತಿತ್ತು. ಸಹಜವೆನಿಸಿಕೊಂಡ ಮಿತಾಕ್ಷರ ಕ್ರಮದಲ್ಲಿ ಮಗಳಿಗೆ ಇಂಥ ಜನ್ಮಸಿದ್ಧವಾದ ಹಕ್ಕು ದೊರೆತುದು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ. ತಂದೆಯ ವಾತ್ಸಲ್ಯವನ್ನು ಒಂದು ಕಟ್ಟಳೆಯು ಮರೆತರೆ, ಮಗಳ ಜನ್ಮವನ್ನು ಇನ್ನೊಂದು ಮರೆತಿತ್ತು.

ಶಿಶುವು ತಾಯ್ತಂದೆಗಳಿಂದ ಜನಿಸುವುದು, ಪೋಷಣೆಯಿಲ್ಲದೆ ಬದುಕಲಾರದು. ಇಷ್ಟೇ ಸೃಷ್ಟಿಯ ನಿಯಮ. ಅದನ್ನು ಯಾವ ಅರಸನೂ ತಿದ್ದಲಾರನು. ಹೊಲಮನೆಗಳು ಯಾರಿಗೆಂಬುದು ಮನುಷ್ಯರ ಏರ್ಪಾಡು. ಆದುದರಿಂದ ಕಟ್ಟಳೆಯೊಂದನ್ನು ನಿಸರ್ಗದ ಹೆಸರಿನಿಂದ ಸಮರ್ಥಿಸುವವರನ್ನೂ ಖಂಡಿಸುವವರನ್ನೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಯಾರಿಗೆ ಆಸರೆಯಾಯಿತು, ಯಾರು ಹೊರಗುಳಿದರು?